ಏಳನೇ ನಂಬರಿನ ಬೇಜಾರು

ನನ್ನ ಮೈದುನ ಪವನ ರಿಂಗ್ ರೋಡಿನಲ್ಲಿ ಲಾರಿ ಗುದ್ದಿ ತೀರಿಕೊಂಡ ಮೂರನೇ ತಿಂಗಳಿಗೆ ಅವನ ಹೆಂಡತಿ ಯಶಸ್ವಿನಿ ಈಜು ಕಲಿಯಲು ಸೇರಿದಳು. ಬೀದಿಯವರು ಆಡಿಕೊಂಡರು. ನಮ್ಮತ್ತೆ ಶೈಲಜಮ್ಮನಂತೂ ಅವಳು ಒದ್ದೆ ಕೂದಲಲ್ಲಿ ಗೇಟು ತೆಗೆದು ಒಳಗೆ ಬರುವುದನ್ನು ಕಂಡಾಗಲೆಲ್ಲ ಮುಖ ತಿರುಗಿಸಿ ಕೂರುತ್ತಿದ್ದರು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಅವಳು ನನ್ನ ಓರಗಿತ್ತಿ, ಮೇಲಿನ ಮನೆಯಲ್ಲಿರುವವಳು. ಈಜುವುದಾದರೆ ಈಜಲಿ ಎಂದುಕೊಂಡೆ.

ಆಗ ನಮಗೆಲ್ಲ ಕಿವಿಯ ಹಿಂದೆ ‘ಹಗುರ’ ಪಟ್ಟಿ ಇತ್ತು. ಹೆಬ್ಬೆಟ್ಟಿನ ಉಗುರಿನಷ್ಟು ಅಗಲದ್ದು, ಅಂಟಿಸಿಕೊಂಡರೆ ಸ್ನಾನಕ್ಕೂ ತೆಗೆಯಬೇಕಿಲ್ಲ. ಎದೆಬಡಿತ, ಬೆವರು, ಉಸಿರು ಎಲ್ಲವನ್ನೂ ಅದು ಓದುತ್ತದೆ. ಆದರೆ ಓದಿದ್ದಕ್ಕೆ ಅರ್ಥ ಹೇಳಲು ಅದಕ್ಕೆ ಬರುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೂ ಎದೆ ಬಡಿದುಕೊಳ್ಳುತ್ತದೆ, ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೂ ಬಡಿದುಕೊಳ್ಳುತ್ತದೆ. ಯಂತ್ರಕ್ಕೆ ಎರಡೂ ಒಂದೇ. ಹಾಗಾಗಿ ಅದು ಫೋನಿನಲ್ಲಿ ಕೇಳುತ್ತದೆ: ‘ಏನಾಗ್ತಿದೆ?’ ಪಕ್ಕದಲ್ಲಿ ಕೆಳಮುಖವಾದ ಸಣ್ಣ ಬಾಣ. ಒತ್ತಿದರೆ ಪದಗಳು ಸಾಲಾಗಿ ಕೆಳಕ್ಕೆ ಇಳಿಯುತ್ತವೆ. ಒಂದನ್ನು ಆರಿಸಬೇಕು. ಆರಿಸಿದ ಪದಕ್ಕೆ ತಕ್ಕ ಹಾಗೆ ಪಟ್ಟಿ ಕುತ್ತಿಗೆಯ ನರಕ್ಕೆ ಸಣ್ಣ ಮಿಡಿತಗಳನ್ನು ಕಳಿಸಿ ಮನಸ್ಸನ್ನು ಹದಕ್ಕೆ ತರುತ್ತದೆ. ಮೊದಲು ಹೃದಯದ ಕಾಯಿಲೆಯವರಿಗೆ ಅಂತ ಬಂತು, ಆಮೇಲೆ ಪರೀಕ್ಷೆ ಬರೆಯುವ ಮಕ್ಕಳಿಗೆ, ಆಮೇಲೆ ಬಸ್ ಡ್ರೈವರುಗಳಿಗೆ, ಆಮೇಲೆ ಎಲ್ಲರಿಗೂ. ನಮ್ಮತ್ತೆ ಒಬ್ಬರೇ ಒಪ್ಪಲಿಲ್ಲ. “ನನ್ನ ಕಿವಿಗೆ ಓಲೆ ಸಾಕು” ಅಂದುಬಿಟ್ಟರು.

ಆ ಪದಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಮೈಸೂರಿನ ಹಗುರ ಕೇಂದ್ರದಲ್ಲಿ ಕನ್ನಡದ ಪುಟಗಳೆಲ್ಲ ನನ್ನ ಸುಪರ್ದಿಗೆ. ಹೊರಗಿನವರು ಇದೇನೋ ದೊಡ್ಡ ವಿಜ್ಞಾನ ಅಂದುಕೊಳ್ಳುತ್ತಾರೆ. ಮದುವೆ ಛತ್ರದವರು ತಮ್ಮ ವೆಬ್‌ಸೈಟನ್ನು ಹಿಂದಿನಿಂದ ನಡೆಸಲು ಬಳಸುವ ವ್ಯವಸ್ಥೆಯೇ ಇದು, ಬೇರೇನಲ್ಲ. ಪ್ರತಿ ಆಯ್ಕೆಗೂ ಎರಡು ಖಾನೆ. ಒಂದರಲ್ಲಿ ಜನರಿಗೆ ಕಾಣುವ ಪದ, ಇನ್ನೊಂದರಲ್ಲಿ ಯಂತ್ರಕ್ಕೆ ಕಾಣುವ ನಂಬರು. ಯಂತ್ರ ಪದವನ್ನು ಓದುವುದೇ ಇಲ್ಲ. ‘ಕೋಪ’ ಅಂತ ಬರೆದು ಪಕ್ಕದಲ್ಲಿ ಖುಷಿಯ ನಂಬರು ಹಾಕಿದರೆ ಸಿಟ್ಟಾದವನು ಸಿಟ್ಟಿನಲ್ಲೇ ಹಿಗ್ಗುತ್ತಾನೆ.

ಒಂದು ಸಂಜೆ ನಾನು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಾಗ ಯಶಸ್ವಿನಿ ಕೆಳಗೆ ಬಂದಳು. ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

“ಅಕ್ಕ, ನಮ್ಮ ಬ್ಯಾಂಕಲ್ಲಿ ಬೆಳಗಾವಿಗೆ ಹಾಕಿದಾರೆ. ಸೋಮವಾರ ಹೊರಡ್ತೀನಿ. ಇಳಾನ ನೀವೇ ಇಟ್ಕೊಳ್ಳಿ.”

“ಈ ವರ್ಷ ಸ್ಕೂಲ್ ಮುಗಿಯೋವರೆಗಾ?”

“ಇಲ್ಲ. ಪೂರ್ತಿ.”

ಇಳಾ ಅವಳ ಮಗಳು, ಒಂದನೇ ಕ್ಲಾಸು. ನಾನು ಕೈ ನಿಲ್ಲಿಸಿ ಅವಳ ಮುಖ ನೋಡಿದೆ. ಅವಳು ನಾರು ತೆಗೆಯುತ್ತಲೇ ಇದ್ದಳು.

“ಪವನ್ ಹೋದಾಗಿಂದ ಒಂದು ಸಲನೂ ಅತ್ತಿಲ್ಲ ನಾನು. ಬೇಜಾರಾಗುತ್ತೆ, ಫೋನಲ್ಲಿ ಒತ್ತುತೀನಿ, ಹೋಗ್ಬಿಡುತ್ತೆ. ಅತ್ತೆ ಅನ್ನೋದು ನಿಜ ಇರ್ಬೇಕು. ನಂಗೆ ಪವನ್ ಮೇಲೆ ಏನೂ ಇರ್ಲಿಲ್ಲ. ಮಗು ಮೇಲೂ ಇಲ್ವೇನೋ. ಅಂಥೋಳ ಹತ್ರ ಅದು ಯಾಕೆ ಬೆಳೀಬೇಕು? ನೀವಾದ್ರೆ ಚೆನ್ನಾಗಿ ನೋಡ್ಕೋತೀರಿ.”

ಅವಳ ಧ್ವನಿಯಲ್ಲಿ ಏರಿಳಿತ ಇರಲಿಲ್ಲ. ಗ್ಯಾಸ್ ಸಿಲಿಂಡರ್ ಬಂದಾಗ ಇಳಿಸಿಕೊಳ್ಳಿ ಎಂದು ಹೇಳುವ ಹಾಗೆ ಹೇಳಿದಳು. ನನಗೂ ನನ್ನ ಗಂಡ ಚೇತನನಿಗೂ ಮಕ್ಕಳಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತಾರಲ್ಲ, ಹಾಗಾಯಿತು. “ಸರಿ, ನೋಡೋಣ” ಎಂದೆ. ಗಂಡನಿಗೆ ಹೇಳಿದಾಗ ಅವನೂ “ಸರಿ” ಎಂದ. ತಮ್ಮ ಸತ್ತ ಮೇಲೆ ಅವನು ತನ್ನ ಬೈಕಿಗೆ ಬಣ್ಣ ಹೊಡೆಯುವುದನ್ನು ಹಿಡಿದುಕೊಂಡಿದ್ದ. ಒಂದು ಬಣ್ಣ ಒಣಗುವುದರೊಳಗೆ ಇನ್ನೊಂದು ತರುತ್ತಿದ್ದ.

ಅಂದೇ ಇಳಾಳ ಶಾಲೆಯ ಸೈಟಿನಲ್ಲಿ ಪೋಷಕರ ಹೆಸರು ಬದಲಿಸಲು ಕೂತೆ. ‘ಮಗುವಿಗೆ ಏನಾಗಬೇಕು?’ ಎಂದು ಕೇಳಿತ್ತು. ಬಾಣ ಒತ್ತಿದರೆ ಮೂರೇ ಪದ: ತಂದೆ, ತಾಯಿ, ಇತರೆ. ದೊಡ್ಡಮ್ಮ ಇರಲಿಲ್ಲ. ಇಂಥ ಪದಗಳ ಸಾಲು ಮಾಡುವವರ ಬುದ್ಧಿ ನನಗೆ ಗೊತ್ತು, ಮೂರರ ಮೇಲೆ ನಾಲ್ಕನೆಯದು ಬರೆಯಲು ಕೈ ನೋಯುತ್ತದೆ. ನನ್ನ ಬೆರಳು ‘ತಾಯಿ’ಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ‘ಇತರೆ’ ಒತ್ತಿದೆ. ಎದೆ ಹೊಡೆದುಕೊಂಡಿರಬೇಕು, ಹಗುರ ಪಟ್ಟಿ ಕೇಳಿತು. ‘ಬೇಜಾರು’ ಅಂತ ಒತ್ತಿದೆ. ಕಿವಿಯ ಹಿಂದೆ ಟಿಕ್ ಟಿಕ್ ಅಂತು. ಎದ್ದು ಹೋಗಿ ಫ್ರಿಜ್ಜು ಒರೆಸಿದೆ.

ಮರುದಿನ ಆಫೀಸಿನಲ್ಲಿ ಒಂದು ಮನವಿ ಕಾದಿತ್ತು. ಯಾವುದೋ ಕಾಲೇಜಿನ ಹುಡುಗರದು. ‘ಬೋರು’ ಎಂಬ ಪದವನ್ನು ಸೇರಿಸಬೇಕಂತೆ. ‘ಬೇಜಾರು ಬೇರೆ, ಬೋರು ಬೇರೆ’ ಎಂದು ಬರೆದಿದ್ದರು. ಹುಡುಗರಿಗೆ ಮಾಡಲು ಕೆಲಸವಿಲ್ಲ ಅಂದುಕೊಂಡೆ. ಸೇರಿಸುವ ಮೊದಲು ಬೇಜಾರಿನ ನಂಬರು ಯಾವುದೆಂದು ನೋಡಬೇಕಲ್ಲ, ನೋಡಿದೆ. ಏಳು. ಅದರ ಕೆಳಗೆ ‘ಇದರಲ್ಲಿ ವಿಲೀನವಾದ ಆಯ್ಕೆಗಳು’ ಅಂತ ಬೂದು ಬಣ್ಣದಲ್ಲಿ ನಾಲ್ಕು ಪದ ಇದ್ದವು: ದುಃಖ, ಕೊರಗು, ಬೇಸರ, ನೋವು. ನಾನು ಈ ಕೆಲಸಕ್ಕೆ ಬರುವ ಮುಂಚೆಯೇ ಯಾವುದೋ ಪರಿಶೀಲನಾ ಸಭೆಯಲ್ಲಿ ಸೇರಿಸಿದ್ದು. ಕಾರಣವನ್ನೂ ಬರೆದಿದ್ದರು. ಪದಗಳ ಸಾಲು ಉದ್ದವಾದರೆ ಜನ ಕೆಳಗಿನವರೆಗೆ ಇಳಿಯುವುದಿಲ್ಲ, ಈ ನಾಲ್ಕನ್ನೂ ಕನ್ನಡಿಗರು ಮಾತಿನಲ್ಲಿ ಬೇಜಾರು ಎಂದೇ ಹೇಳುತ್ತಾರೆ, ಎಂದು.

ಅದು ಸುಳ್ಳು ಅನ್ನಲೂ ಬರುವುದಿಲ್ಲ. ನಮ್ಮಲ್ಲಿ ಯಾರು ‘ನನಗೆ ದುಃಖವಾಗಿದೆ’ ಅಂತಾರೆ? ನಾಟಕದಲ್ಲಿ ಅಂತಾರೆ, ಸಂತಾಪದ ಬ್ಯಾನರಿನಲ್ಲಿ ಬರೆಸುತ್ತಾರೆ. ಬಸ್ಸು ತಪ್ಪಿದರೂ ಬೇಜಾರು, ಸಾರು ಹಳಸಿದರೂ ಬೇಜಾರು, ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು, ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು. ಹೆಣ ಎತ್ತಿದ ಮನೆಗೆ ಹೋಗಿ ಪಕ್ಕದಲ್ಲಿ ಕೂತರೂ ‘ತುಂಬಾ ಬೇಜಾರಾಯ್ತು ಕಣಮ್ಮ’ ಎಂದೇ ಹೇಳುತ್ತೇವೆ. ಒಂದೇ ಪಾತ್ರೆಯಲ್ಲಿ ಎಲ್ಲ ಬೇಯಿಸಿ ರೂಢಿ ನಮಗೆ. ಕೇಳುವವರಿಗೆ ನಮ್ಮ ಮುಖ ಕಾಣುತ್ತದೆ, ಯಾವ ಬೇಜಾರು ಅಂತ ತಿಳಿದುಕೊಳ್ಳುತ್ತಾರೆ. ಯಂತ್ರಕ್ಕೆ ಕಾಣುವುದು ನಂಬರು ಮಾತ್ರ.

ಏಳು ಅಂದರೆ ಏನು ಅಂತ ಕೇಳಲು ನಾಡಿಕೋಣೆಗೆ ಹೋದೆ. ಮಿಡಿತಗಳನ್ನು ಗಮನಿಸುವ ಕೋಣೆ ಅದು. ಗೋಡೆ ತುಂಬ ಪರದೆ, ಪರದೆಯಲ್ಲಿ ರಾಜ್ಯದ ನಕ್ಷೆ, ನಕ್ಷೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಹಸಿರು ಚುಕ್ಕಿಗಳು. ಎಲ್ಲೆಲ್ಲಿ ಪಟ್ಟಿಗಳು ಮಿಡಿಯುತ್ತಿವೆಯೋ ಅಲ್ಲೆಲ್ಲ ಚುಕ್ಕಿ. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ನಾಜ್ನೀನ್, ಈ ಮಿಡಿತಗಳನ್ನು ರೂಪಿಸಿದ ತಂಡದಲ್ಲಿ ಇದ್ದವರು. ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

“ಏಳಾ? ಮಾಡೋಕೆ ಏನೂ ಇಲ್ದೆ ಮಂಕಾಗಿರೋ ಮನಸ್ಸು,” ಎಂದರು. “ಅದನ್ನ ಸ್ವಲ್ಪ ಚುರುಕು ಮಾಡ್ತೀವಿ. ಎದ್ದು ಏನಾದ್ರೂ ಮಾಡೋಣ, ಹೊಸದೇನಾದ್ರೂ ಕಲಿಯೋಣ ಅನ್ಸುತ್ತೆ. ಇಂಗ್ಲಿಷಲ್ಲಿ ಬೋರ್‌ಡಮ್ ಅಂತಿತ್ತು. ನಿಮ್ಮೋರು ಬೇಜಾರು ಅಂತ ಹಾಕಿದ್ರು. ಸರಿಯಾಗೇ ಇದೆಯಲ್ಲ?”

“ಗಂಡನ್ನ ಕಳ್ಕೊಂಡೋಳು ಅದನ್ನ ಒತ್ತಿದ್ರೆ ಮೇಡಂ?”

“ಅವಳು ಯಾಕೆ ಒತ್ತುತಾಳೆ? ಅವಳಿಗೆ ಹನ್ನೆರಡು ಇದೆಯಲ್ಲ. ದುಃಖ.”

“ಹನ್ನೆರಡು ಈಗ ಇಲ್ಲ. ಏಳರೊಳಗೆ ಸೇರಿಸ್ಬಿಟ್ಟಿದಾರೆ.”

ಅವರು ಚಪಾತಿ ಮುರಿಯುವುದನ್ನು ನಿಲ್ಲಿಸಿದರು. ಕೈ ಒರೆಸಿಕೊಂಡು ನಾನು ತಂದಿದ್ದ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿ ಓದಿದರು. ತುಂಬ ಹೊತ್ತು ಓದಿದರು, ಇದ್ದದ್ದು ನಾಲ್ಕೇ ಪದ.

“ಹನ್ನೆರಡಕ್ಕೆ ಏನು ಕೊಡ್ತಿದ್ರಿ?” ಎಂದೆ.

“ಏನೂ ಇಲ್ಲ. ಪಟ್ಟಿ ಸುಮ್ಮನಾಗುತ್ತೆ. ಜೀವಕ್ಕೆ ಅಪಾಯ ಅನ್ನಿಸಿದ್ರೆ ಮಾತ್ರ ಆಸ್ಪತ್ರೆಗೆ ತಿಳಿಸುತ್ತೆ. ಮೊದಮೊದಲು ನಾವೂ ದುಃಖಾನ ಇಳಿಸೋಕೆ ನೋಡಿದ್ವಿ ಸಿಂಚನಾ. ಇಳಿಸಿದಷ್ಟೂ ಜನಕ್ಕೆ ತಾವು ಏನು ಕಳ್ಕೊಂಡ್ವಿ ಅನ್ನೋದೇ ಮಸುಕಾಗ್ತಾ ಹೋಯ್ತು. ಯಾರು ಹೋದ್ರು ಅಂತ ಗೊತ್ತು, ಹೋದೋರು ತನಗೆ ಏನಾಗಿದ್ರು ಅಂತ ಗೊತ್ತಿಲ್ಲ. ಹೆದರಿಕೆ ಆಯ್ತು ನಮಗೆ. ಕೊನೆಗೆ ಅಲ್ಲಿ ಯಂತ್ರ ಕೈ ಹಾಕಬಾರದು ಅಂತ ಬರೆದ್ವಿ. ಕೊರಗಿಗೂ ಅಷ್ಟೆ.”

ಕೊರಗು ಎಂದಾಗ ನಾನು ಅವರ ಕಡೆ ನೋಡಲಿಲ್ಲ. ಮಕ್ಕಳಿಲ್ಲದ ಕೊರಗು ಎಂದು ನೆಂಟರು ನನ್ನ ಬೆನ್ನ ಹಿಂದೆ ಆಡಿಕೊಂಡದ್ದು ಎಷ್ಟೋ ಸಲ ಕಿವಿಗೆ ಬಿದ್ದಿತ್ತು. ನನಗೆ ಅಂಥದ್ದೇನೂ ಇಲ್ಲ ಅಂದುಕೊಂಡಿದ್ದೆ. ಬೇಜಾರಾದಾಗ ಒತ್ತುತ್ತಿದ್ದೆ, ಏನಾದರೂ ಕಲಿಯುತ್ತಿದ್ದೆ. ಕೇಕು ಕಲಿತೆ, ಟೈಲರಿಂಗ್ ಕಲಿತೆ, ತಬಲಾ ಕ್ಲಾಸಿಗೆ ಹೋದೆ, ತಾರಸಿಯ ಮೇಲೆ ದಾಳಿಂಬೆ ಬೆಳೆದೆ. ಸಿಂಚನಾ ಎಷ್ಟು ಚಟುವಟಿಕೆ ಅಂತ ಎಲ್ಲರೂ ಹೊಗಳುತ್ತಿದ್ದರು. ಹೊಗಳಿದಾಗ ಖುಷಿ ಅಂತ ಒತ್ತುತ್ತಿದ್ದೆ.

“ವಿಲೀನ ಅನ್ನೋ ಕಡೆ ಟಿಕ್ ಇದೆಯಲ್ಲ, ಅದನ್ನ ತೆಗೀರಿ,” ಎಂದರು ನಾಜ್ನೀನ್. “ನಾಲ್ಕೂ ಅದರದರ ನಂಬರಿಗೆ ವಾಪಸ್ ಹೋಗ್ತವೆ. ಮೇಲಿನವರಿಗೆ ನಾನು ಹೇಳ್ಕೋತೀನಿ.”

“ನಾಳೆ ಮಾಡ್ತೀನಿ ಮೇಡಂ.”

“ಯಾಕೆ ನಾಳೆ?”

“ಇನ್ನೊಂದು ಸಲ ಸರಿಯಾಗಿ ನೋಡ್ಬೇಕು.”

ನೋಡುವುದು ಏನೂ ಇರಲಿಲ್ಲ. ಟಿಕ್ ತೆಗೆದರೆ ಯಶಸ್ವಿನಿಗೆ ದುಃಖ ಬರುತ್ತದೆ. ದುಃಖ ಬಂದರೆ ತನಗೆ ಮನಸ್ಸಿದೆ ಎಂದು ಅವಳಿಗೆ ತಿಳಿಯುತ್ತದೆ. ತಿಳಿದರೆ ಮಗುವನ್ನು ಬಿಟ್ಟು ಹೋಗುವುದಿಲ್ಲ. ಬಸ್ಸಿನಲ್ಲಿ ಕೂತು ಇದನ್ನೇ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎಣಿಸಿದೆ. ಸೋಮವಾರದವರೆಗೆ ತಡೆದರೆ ಸಾಕಿತ್ತು. ಎದೆ ಹೊಡೆದುಕೊಂಡಿತು, ಪಟ್ಟಿ ಕೇಳಿತು. ಬಾಣ ಒತ್ತಿ ಮೇಲಿಂದ ಕೆಳಗೆ ಓದಿದೆ: ಖುಷಿ, ಕೋಪ, ಭಯ, ಆತಂಕ, ಸುಸ್ತು, ಬೇಜಾರು. ನನಗೆ ಆಗುತ್ತಿದ್ದದ್ದು ಆಸೆ. ಅದು ನಮ್ಮ ಪದಗಳ ಸಾಲಿನಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿಕೊಂಡೆ.

ಮನೆಯ ಹತ್ತಿರ ಬಂದಾಗ ಇಳಾ ಬೀದಿಯಲ್ಲಿ ಸೈಕಲ್ ತುಳಿಯುತ್ತಿದ್ದಳು. ಯಶಸ್ವಿನಿ ಮೆಟ್ಟಿಲ ಮೇಲೆ ಕೂತು ಕೂದಲು ಬಾಚಿಕೊಳ್ಳುತ್ತಿದ್ದಳು. ನಾನು ಗೇಟು ತೆಗೆಯುವಷ್ಟರಲ್ಲಿ ಮಗು ಬಿತ್ತು. ಮಂಡಿ ತರಚಿ ರಕ್ತ ಬಂತು. ಎದ್ದು ಅಳುತ್ತ ಓಡಿ ಬಂದು, ಅಮ್ಮನ ಕಡೆ ನೋಡದೆ ನನ್ನನ್ನು ಹಿಡಿದುಕೊಂಡಿತು. ತೊಳೆದು ಔಷಧಿ ಹಚ್ಚಿ ಒಳಗೆ ಕಳಿಸಿದೆ.

“ನೋಡಿದ್ರಾ ಅಕ್ಕ?” ಎಂದಳು ಯಶಸ್ವಿನಿ. “ಬಿದ್ದಿದ್ದನ್ನ ನೋಡ್ದೆ. ಏಳ್ಬೇಕು ಅಂತಾನೂ ಅನ್ನಿಸ್ಲಿಲ್ಲ.”

ನಾನು ಪಕ್ಕದಲ್ಲಿ ಕೂತೆ.

“ಒಂದು ಕೇಳ್ತೀನಿ, ನಿಜ ಹೇಳಿ. ನೀವು ಕೆಳಗೇ ಇದ್ರಲ್ಲ, ಎಲ್ಲಾ ನೋಡಿದೀರ. ನಾನು ಪವನ್‌ನ ಇಷ್ಟಪಡ್ತಿದ್ನಾ?”

ಪವನ ಎರಡನೇ ಪಾಳಿ ಮುಗಿಸಿ ಬಂದು ಗೇಟಿನ ಹತ್ತಿರ ಹಾರ್ನ್ ಹೊಡೆದರೆ ಇವಳು ಮೇಲಿನಿಂದ ಬೀಗದಕೈ ಎಸೆಯುತ್ತಿದ್ದಳು, ಅವನ ನೆತ್ತಿಗೇ ಗುರಿಯಿಟ್ಟು. ಹಿಡಿದರೆ ಅವನು ಗೆದ್ದ, ತಪ್ಪಿದರೆ ಇವಳು. ಸೋತವರು ದೋಸೆ ಹುಯ್ಯಬೇಕು. ಅವನು ಬೇಕೆಂತಲೇ ಕೈಬಿಡುತ್ತಾನೆ ಅಂತ ನಮಗೆಲ್ಲ ಗೊತ್ತಿತ್ತು. ಇವಳಿಗೂ ಗೊತ್ತಿತ್ತು. ಇಬ್ಬರ ನಗು ಕೆಳಗೆ ನಮ್ಮ ಅಡುಗೆಮನೆಯವರೆಗೆ ಬರುತ್ತಿತ್ತು, ನಮ್ಮತ್ತೆ ‘ಬೀದಿಗೆಲ್ಲ ಕೇಳುತ್ತೆ’ ಎಂದು ಬೈಯುತ್ತಲೇ ತಾವೂ ನಗುತ್ತಿದ್ದರು.

“ತುಂಬಾ ಇಷ್ಟಪಡ್ತಿದ್ದೆ ಕಣೆ,” ಎಂದೆ. ಬೀಗದಕೈ ವಿಷಯವನ್ನೂ ಹೇಳಿದೆ.

“ಹೌದು, ಎಸೀತಿದ್ದೆ,” ಎಂದಳು, ಬಾಚಣಿಗೆಗೆ ಸಿಕ್ಕಿಕೊಂಡ ಕೂದಲು ಬಿಡಿಸುತ್ತ. “ಯಾಕೆ ಎಸೀತಿದ್ದೆ ಅಂತ ಈಗ ಗೊತ್ತಾಗಲ್ಲ. ನೀವು ಹೇಳ್ತೀರಿ, ನಂಬ್ಕೋಬೇಕು. ಶಾಲೇಲಿ ಪಾಠ ನಂಬ್ತಿದ್ವಲ್ಲ, ಹಾಗೆ.”

ನನಗೆ ಭಯವಾಯಿತು. ಮಗುವನ್ನು ಅವಳಾಗಿಯೇ ಕೊಡುತ್ತಿದ್ದಾಳೆ, ನಾನು ಕಿತ್ತುಕೊಂಡಿಲ್ಲ ಎಂದು ಬಸ್ಸಿನುದ್ದಕ್ಕೂ ಹೇಳಿಕೊಂಡಿದ್ದೆ. ಆದರೆ ಪವನನನ್ನೂ ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ. ಅವನು ಸತ್ತದ್ದಲ್ಲದೆ, ಇದ್ದದ್ದೂ ಇಲ್ಲದಂತಾಗುತ್ತದೆ. ಅದನ್ನು ಮಾಡಿ ಆ ಮಗುವಿಗೆ ಜಡೆ ಹಾಕಿಕೊಂಡು ಇರಲು ನನ್ನಿಂದ ಆಗುತ್ತಿರಲಿಲ್ಲ.

ಮರುದಿನ ಶನಿವಾರ, ಅರ್ಧ ದಿನ ಆಫೀಸು. ನಾಜ್ನೀನ್ ಅವರ ಪಕ್ಕದಲ್ಲಿ ಕೂತೇ ಟಿಕ್ ತೆಗೆದೆ. ಉಳಿಸಲೇ ಎಂದು ಕೇಳಿತು, ಉಳಿಸು ಎಂದು ಒತ್ತಿದೆ. ಇಷ್ಟೇ. ಬೋರ್‌ಡಮ್ಮಿಗೆ ‘ಬೋರು’ ಎಂಬ ಪದವನ್ನೇ ಇಟ್ಟೆವು. ಹುಡುಗರ ಮನವಿಯೂ ತೀರಿತು. ‘ಬೇಜಾರು’ ಒತ್ತಿದರೆ ಇನ್ನು ಮೇಲೆ ‘ಯಾವ ಬೇಜಾರು?’ ಎಂದು ಕೇಳಿ ಉಳಿದ ಪದಗಳನ್ನು ತೋರಿಸುತ್ತದೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನಕ್ಷೆಯ ಮೇಲೆ ಚಿಂತಾಮಣಿಯ ಹತ್ತಿರ ಒಂದು ಚುಕ್ಕಿ ಬೂದಿಯ ಬಣ್ಣಕ್ಕೆ ತಿರುಗಿತು, ಅಲ್ಲಿ ಯಾರದೋ ಪಟ್ಟಿ ಸುಮ್ಮನಾಗಿತ್ತು. ಆಮೇಲೆ ರಾಯಚೂರಿನ ಕಡೆ ಒಂದು. ಆಮೇಲೆ ಎಣಿಸಲು ಆಗಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಕಾಲದಿಂದ ತಡೆದು ನಿಂತಿತ್ತೋ. ನಾಜ್ನೀನ್ ಆಸ್ಪತ್ರೆಗಳಿಗೆ ಫೋನು ಮಾಡತೊಡಗಿದರು, ನಡುವೆ ನನ್ನ ಕಡೆ ತಿರುಗಿ “ಸೋಮವಾರ ಬೈಸ್ಕೊಳ್ಳೋಕೆ ರೆಡಿಯಾಗಿರಿ” ಎಂದರು. ನಾನು ಮನೆಗೆ ಹೊರಟೆ.

ಯಶಸ್ವಿನಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಮೇಲೆ ಹೋಗಿ ಬಾಗಿಲಲ್ಲಿ ನಿಂತೆ.

“ಫೋನಲ್ಲಿ ಬಾಣ ಒತ್ತಿ ನೋಡು. ಬೇರೆ ಪದ ಬಂದಿದಾವೆ.”

ನೋಡಿದಳು. “ದುಃಖ ಅಂತೆ. ಹರಿಕಥೆಯವ್ರ ಮಾತು.”

“ಇನ್ಮೇಲೆ ಅದನ್ನ ಒತ್ತು.”

“ಎರಡೂ ಒಂದೇ ಅಲ್ವಾ ಅಕ್ಕ?”

“ಒತ್ತು ನೋಡೋಣ.”

ನಾನು ಹೇಳಿದೆ ಅಂತ ಒತ್ತಿದಳು. ಕಿವಿಯ ಹಿಂದಿನ ಸದ್ದು ನಿಂತಿತು. ಅವಳು ಒಂದು ಸೀರೆ ಮಡಿಸಿ ಇಟ್ಟಳು, ಇನ್ನೊಂದನ್ನು ತೆಗೆದುಕೊಂಡಳು. ಏನೂ ಆಗದೇ ಇರಬಹುದು ಅಂದುಕೊಂಡೆ. ನನ್ನೊಳಗೆ ಯಾವುದೋ ಮೂಲೆ ಹಾಗೇ ಆಗಲಿ ಎಂದೂ ಕೇಳಿಕೊಂಡಿತು. ನಿಲ್ಲಲಾರದೆ ಕೆಳಗೆ ಬಂದೆ.

ಇಳಾ ನೆಲದ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನಮ್ಮತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅನ್ನಕ್ಕೆ ನೀರಿಟ್ಟು ಒಲೆ ಹಚ್ಚಿದೆ. ನೀರು ಕುದಿ ಬರುವ ಹೊತ್ತಿಗೆ ಮೇಲಿನಿಂದ ಸದ್ದು ಬಂತು. ಮೊದಲು ಯಾರೋ ಕೆಮ್ಮಿದ ಹಾಗೆ ಇತ್ತು. ಆಮೇಲೆ ‘ಪವನ್’ ಅಂತ ಒಂದು ಸಲ ಕೂಗಿದ್ದು ಕೇಳಿಸಿತು. ಅವನು ಗೇಟಿನ ಹತ್ತಿರ ಇದ್ದಾನೆ ಎನ್ನುವ ಹಾಗೆ ಕೂಗಿದಳು. ಆಮೇಲೆ ಅಳು.

ನಮ್ಮತ್ತೆ ತಲೆಯೆತ್ತಿದರು. ಇಷ್ಟು ದಿನ ಈ ಮನೆಯಲ್ಲಿ ಅತ್ತವರು ಅವರೊಬ್ಬರೇ. ನಾವೆಲ್ಲ ಏನೇನೋ ಕಲಿಯುತ್ತಿದ್ದಾಗ ಅವರು ಮಗನ ತಟ್ಟೆ ಕಂಡರೆ ಅಳುತ್ತಿದ್ದರು, ಚಪ್ಪಲಿ ಕಂಡರೆ ಅಳುತ್ತಿದ್ದರು. ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಮೆಟ್ಟಿಲು ಹತ್ತಿ ಹೋದರು. “ಬಂದೆ ಕಣವ್ವ, ಬಂದೆ” ಎನ್ನುತ್ತಲೇ ಹತ್ತಿದರು. ಸೊಸೆಯನ್ನು ಅವರು ಮಾತಾಡಿಸಿ ಬಹಳ ದಿನವಾಗಿತ್ತು.

ಇಳಾ ಬಂದು ನನ್ನ ಸೆರಗು ಹಿಡಿದುಕೊಂಡಳು. “ದೊಡ್ಡಮ್ಮ, ಅಮ್ಮ ಯಾಕೆ ಅಳ್ತಿದಾಳೆ?”

“ನಿಮ್ಮಪ್ಪಂಗೋಸ್ಕರ.”

“ಮುಂಚೆ ಅಳ್ತಿರ್ಲಿಲ್ಲ.”

“ಮುಂಚೆ ಆಗ್ತಿರ್ಲಿಲ್ಲ ಅವಳಿಗೆ. ಹೋಗು, ಅಮ್ಮನ ಹತ್ರ ಹೋಗು.”

“ನಂಗೆ ಹೆದರಿಕೆ ಆಗುತ್ತೆ. ನಾನು ನಿನ್ನ ಹತ್ರಾನೇ ಇರ್ತೀನಿ.”

ಇರು ಎಂದಿದ್ದರೆ ಇರುತ್ತಿದ್ದಳು. ಅವಳ ಬೆರಳುಗಳನ್ನು ಸೆರಗಿನಿಂದ ಒಂದೊಂದಾಗಿ ಬಿಡಿಸಿದೆ. ಅಷ್ಟರಲ್ಲಿ ಮೇಲಿನಿಂದ ಅಮ್ಮನ ದನಿ ಬಂತು, “ಇಳಾ, ಇಳಾ” ಎಂದು. ಮಗು ಒಂದು ಸಲ ನನ್ನನ್ನು ನೋಡಿತು. ಆಮೇಲೆ ಓಡಿತು, ಮಂಡಿಯ ನೋವು ಮರೆತು.

ನಾನು ಒಲೆ ಆರಿಸಿದೆ. ಫೋನು ಕೇಳುತ್ತಿತ್ತು. ಬಾಣ ಒತ್ತಿ ಕೆಳಗಿನವರೆಗೆ ಇಳಿದೆ, ಯಾರೂ ಅಷ್ಟು ಕೆಳಗೆ ಇಳಿಯುವುದಿಲ್ಲ ಎಂದು ಸಭೆಯಲ್ಲಿ ಹೇಳಿದ್ದರಲ್ಲ, ಅಲ್ಲಿಯವರೆಗೆ. ‘ಕೊರಗು’ ಇತ್ತು. ಒತ್ತಿದೆ.

ಬಹಳ ಹೊತ್ತಿನ ಮೇಲೆ ಯಶಸ್ವಿನಿ ಮೆಟ್ಟಿಲ ಮೇಲೆ ಬಂದು ನಿಂತಳು. ಮುಖ ಊದಿಕೊಂಡಿತ್ತು, ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

“ಅಕ್ಕ, ಇಳಾ ಬಟ್ಟೆಗಳನ್ನ ಕೊಡ್ತೀರಾ? ನನ್ನ ಪೆಟ್ಟಿಗೇಲೇ ಹಾಕ್ಕೋತೀನಿ. ಅವಳನ್ನ ಬಿಟ್ಟು ನಾನು ಹೆಂಗೆ ಹೋಗ್ಲಿ?”

“ಕೊಡ್ತೀನಿ ತಾಳು,” ಎಂದೆ.

ಆ ವಾರವೇ ನನ್ನ ಬೀರುವಿಗೆ ತಂದಿಟ್ಟುಕೊಂಡಿದ್ದ ಫ್ರಾಕುಗಳನ್ನು ಮಂಚದ ಮೇಲೆ ಸುರಿದುಕೊಂಡು ಮಡಿಸಲು ಕೂತೆ. ಮೊದಲನೆಯದನ್ನು ಮಡಿಸಿದೆ. ಕಿವಿಯ ಹಿಂದೆ ಯಾವ ಸದ್ದೂ ಇರಲಿಲ್ಲ. ಎರಡನೆಯದನ್ನು ಮಡಿಸಲು ಆಗಲಿಲ್ಲ.